ಖಿನ್ನತೆಗೆ ಮಾತ್ರೆ ತಗೊಳ್ತಾ ಇದ್ದೀನಿ, ಈಗ ಕೆಲಸವೂ ಸಾಕಾಗಿ ಹೋಗಿದೆ. ರಜೆ ಹಾಕಿದರೂ ಸುಸ್ತು ಹೋಗ್ತಿಲ್ಲ. ಏನು ಮಾಡಲಿ?

ಒಂದು ವಾರ ಊರಿಗೆ ಹೋಗಿ ಮಲಗಿಬಂದರೂ ಸುಧಾರಿಸಲಿಲ್ಲ ಅಂತ ಬರೆದಿದ್ದೀರಿ. ಕೆಲಸ ಬಿಡಲಾ, ಮಾತ್ರೆ ನಿಲ್ಲಿಸಲಾ ಅಂತಲೂ ಕೇಳಿದ್ದೀರಿ. ಮಾತ್ರೆಯ ವಿಷಯ ಮೊದಲು ಹೇಳಿಬಿಡುತ್ತೇನೆ. ದಯವಿಟ್ಟು ನೀವೇ ನಿಲ್ಲಿಸಬೇಡಿ. ಈ ಮಾತ್ರೆಗಳನ್ನು ದಿಢೀರ್ ಅಂತ ಬಿಟ್ಟರೆ ತಲೆಸುತ್ತು, ನಿದ್ದೆಗೇಡು, ಸಿಡುಕು ಶುರುವಾಗಬಹುದು, ಕಾಯಿಲೆಯೂ ತಿರುಗಿ ಬರಬಹುದು. ಕಡಿಮೆ ಮಾಡುವುದಿದ್ದರೆ ಡಾಕ್ಟರ್ ಹೇಳಿದಂತೆ ನಿಧಾನವಾಗಿ ಮಾಡಬೇಕು. ಹೊಸ ಮಾತ್ರೆ ಶುರುಮಾಡಿದ್ದರೂ ಅಷ್ಟೇ, ಅದರ ಗುಣ ಕಾಣೋದಕ್ಕೆ ಕೆಲವು ವಾರ ಬೇಕಾಗುತ್ತದೆ.

ನಾನು ಬ್ಯಾಂಕ್ ಕೌಂಟರಿನಲ್ಲಿ ಕೆಲಸ ಮಾಡುವವಳು. ಬಹಳ ವರ್ಷದಿಂದ ಖಿನ್ನತೆಗೆ ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದೇನೆ. ಮಾರ್ಚ್ ಕ್ಲೋಸಿಂಗ್, ಇನ್ಶೂರೆನ್ಸ್ ಟಾರ್ಗೆಟ್, ಜನ ಕಡಿಮೆ ಇರುವ ಬ್ರಾಂಚ್ ಎಲ್ಲ ಸೇರಿ ಒಂದು ವರ್ಷ ನನಗೂ ನಿಮ್ಮ ಹಾಗೇ ಆಯಿತು. ನಮ್ಮಲ್ಲಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಕೇಳಿಕೊಂಡು ಒಬ್ಬ ಅಜ್ಜಿ ಬರುತ್ತಾರೆ. "ಈ ಸಲದ ದುಡ್ಡು ಬಂದದಾ ನೋಡವ್ವಾ" ಅಂತ ಪಾಸ್‌ಬುಕ್ ಮುಂದೆ ತಳ್ಳುತ್ತಾರೆ. ಅವರ ಜೊತೆ ಎರಡು ಮಾತಾಡೋದು ನನಗೆ ಇಷ್ಟ. ಆ ದಿನಗಳಲ್ಲಿ ತಲೆ ಎತ್ತದೆ ಎಂಟ್ರಿ ಹಾಕಿ ವಾಪಸ್ ಕೊಡುತ್ತಿದ್ದೆ. ಅಜ್ಜಿ ಹೋದರೋ ಇದ್ದಾರೋ ಅನ್ನೋದೂ ತಿಳಿಯುತ್ತಿರಲಿಲ್ಲ. ಕೆಲಸದಿಂದ ಹೀಗೆ ಬಳಲಿ ಹೋಗೋದಕ್ಕೆ ಬರ್ನ್‌ಔಟ್ ಅನ್ನುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅಂದರೆ ಏನು ಅಂತ ವಿವರಿಸಿದಾಗ ಮೂರು ಲಕ್ಷಣ ಹೇಳಿತು: ಶಕ್ತಿಯೆಲ್ಲ ಬತ್ತಿಹೋಗೋದು, ಕೆಲಸದಿಂದ ಮನಸ್ಸು ದೂರ ಸರಿಯೋದು, ಮಾಡಿದ್ದು ಯಾವುದೂ ಸರಿಯಾಗುತ್ತಿಲ್ಲ ಅನ್ನಿಸೋದು. ಅದನ್ನು ಕಾಯಿಲೆ ಅಂತ ಅವರು ಕರೆಯಲಿಲ್ಲ, ಕೆಲಸಕ್ಕೆ ಸಂಬಂಧಪಟ್ಟ ಸ್ಥಿತಿ ಅಂದರು. ಖಿನ್ನತೆ ಹಾಗಲ್ಲ. ಅದು ಭಾನುವಾರವೂ ಬಿಡುವುದಿಲ್ಲ. ಊಟ, ಸ್ನಾನ, ಮಕ್ಕಳ ಮಾತು, ಎಲ್ಲದರ ರುಚಿ ಕೆಡಿಸುತ್ತದೆ.

ನಿಮಗೆ ರಜೆ ಯಾಕೆ ಕೈಹಿಡಿಯಲಿಲ್ಲ ಅನ್ನೋದಕ್ಕೆ ಕಾರಣ ಇಲ್ಲಿದೆ ಅನ್ನಿಸುತ್ತದೆ. ಕೆಲಸದಿಂದ ದಣಿದವರಿಗೆ ವಿಶ್ರಾಂತಿ ಬೇಕು. ಆದರೆ ಖಿನ್ನತೆ ಇರುವವರು ಬಾಗಿಲು ಹಾಕಿಕೊಂಡು ಹಗಲೆಲ್ಲ ಮಲಗಿದರೆ ಮನಸ್ಸು ಇನ್ನೂ ಕುಸಿಯುತ್ತದೆ. ಕೆಲಸದ ದಣಿವು ಎಲ್ಲ ಬಿಟ್ಟು ಕೂರು ಅನ್ನುತ್ತದೆ, ಖಿನ್ನತೆಗೆ ಏನಾದರೂ ಹಿಡಿದುಕೊಳ್ಳಲು ಬೇಕು. ಎರಡೂ ಒಟ್ಟಿಗೆ ಇದ್ದಾಗ ಬರೀ ರಜೆ ಸಾಲದು. ಆ ರಜೆಗೆ ಸಣ್ಣದೊಂದು ದಿನಚರಿ ಇರಬೇಕು.

ನನ್ನ ಆಪ್ತಸಮಾಲೋಚಕಿ ಹೇಳಿದ್ದು ಇಷ್ಟೇ: ಮನಸ್ಸು ಬಂದಮೇಲೆ ಮಾಡುತ್ತೇನೆ ಅಂತ ಕಾಯಬೇಡಿ, ಸಣ್ಣದೊಂದು ಕೆಲಸ ಮಾಡಿ, ಮನಸ್ಸು ಹಿಂದಿನಿಂದ ಬರುತ್ತದೆ. ಬೆಳಿಗ್ಗೆ ಒಂದೇ ಹೊತ್ತಿಗೆ ಏಳೋದು. ನಂದಿನಿ ಬೂತ್‌ವರೆಗೆ ನಡೆದು ಹಾಲು ತರೋದು. ಮಧ್ಯಾಹ್ನ ನಿದ್ದೆ ಬಂದರೆ ಸ್ವಲ್ಪ ಹೊತ್ತು ಮಾತ್ರ. ನಾನು ಮೆಡಿಕಲ್ ಲೀವ್ ಹಾಕಿದ್ದು ಅವರೆಕಾಯಿ ಕಾಲದಲ್ಲಿ. ನಮ್ಮತ್ತೆ ಏನೂ ಕೇಳದೆ ನನ್ನ ಮುಂದೆ ಒಂದು ಮೊರ ಇಟ್ಟು ಕಾಯಿ ಸುರಿಯುತ್ತಿದ್ದರು. ಸುಮ್ನೆ ಕೂತು ಸುಲಿಯೋದು. ಗಂಟೆಯ ಲೆಕ್ಕ ಇಲ್ಲ, ಟಾರ್ಗೆಟ್ ಇಲ್ಲ, ತಪ್ಪಾಗುತ್ತೆ ಅನ್ನೋ ಭಯ ಇಲ್ಲ. ಒಂದು ದಿನ ಬೆರಳಿಗೆ ಅಂಟಿದ ಸೊಗಡು ಮೂಗಿಗೆ ಬಡಿಯಿತು. ಎಷ್ಟೋ ತಿಂಗಳ ಮೇಲೆ ಒಂದು ವಾಸನೆ ಚೆನ್ನಾಗಿದೆ ಅನ್ನಿಸಿತ್ತು. ಅತ್ತೆಗೆ ಇದನ್ನು ಹೇಗೆ ಹೇಳಬೇಕೋ ತಿಳಿಯದೆ ಅತ್ತುಬಿಟ್ಟೆ.

ನಿಮ್ಮ ಮನೆಯಲ್ಲಿ ಅದು ಕರಿಬೇವು ಬಿಡಿಸೋದೋ, ಗಿಡಕ್ಕೆ ನೀರು ಹಾಕೋದೋ ಆಗಬಹುದು. ಕೈಗೆ ಕೆಲಸ, ತಲೆಗೆ ಬಿಡುವು. "ಮನಸ್ಸು ಗಟ್ಟಿ ಮಾಡ್ಕೋ" ಅನ್ನುವವರ ಮಾತನ್ನು ಮಾತ್ರ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅವರದು ಪ್ರೀತಿಯೇ ಇರಬಹುದು, ಆದರೆ ಗಟ್ಟಿ ಮಾಡಿ ಮಾಡಿಯೇ ಅಲ್ವಾ ನಾವು ಇಲ್ಲಿಗೆ ಬಂದು ನಿಂತಿರೋದು?

ಇನ್ನು ಆಫೀಸು. ವಾಪಸ್ ಹೋದಾಗ ಅದೇ ಹೊರೆ ಕಾದಿದ್ದರೆ ಎಷ್ಟು ರಜೆ ಹಾಕಿದರೂ ಅಷ್ಟೇ. "ನನಗೆ ಸ್ಟ್ರೆಸ್ ಆಗ್ತಿದೆ ಸರ್" ಅಂದರೆ "ಯಾರಿಗಿಲ್ಲ ಹೇಳಿ" ಅಂತಾರೆ. ಯಾವ ಕೆಲಸ ತೆಗೆಯಬೇಕು, ಎಷ್ಟು ದಿನಕ್ಕೆ ಅಂತ ನೇರವಾಗಿ ಕೇಳಿ. ನಾನು ಕೇಳಿದ್ದು: "ಎರಡು ತಿಂಗಳು ಇನ್ಶೂರೆನ್ಸ್ ಟಾರ್ಗೆಟ್ ನನಗೆ ಬೇಡ, ಕೌಂಟರ್ ಪೂರ್ತಿ ನೋಡ್ಕೊಳ್ತೀನಿ." ಒಪ್ಪಿದರು. ಕಾಯಿಲೆಯ ಹೆಸರು ಹೇಳಬೇಕಾಗಿ ಬರಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ನಿಮ್ಮ ಚಿಕಿತ್ಸೆಯ ವಿಷಯ ಗುಟ್ಟಾಗಿರೋದು ನಿಮ್ಮ ಹಕ್ಕು. ರಜೆ ಸರ್ಟಿಫಿಕೇಟಿನಲ್ಲಿ ಏನು ಬರೆಯುತ್ತಾರೆ ಅಂತ ಡಾಕ್ಟರನ್ನು ಮೊದಲೇ ಕೇಳಿಕೊಳ್ಳಿ.

ರಾಜೀನಾಮೆ ಪತ್ರ ಈಗ ಬೇಡ ಅನ್ನೋದು ನನ್ನ ಅಭಿಪ್ರಾಯ. ಖಿನ್ನತೆ ಜೋರಾಗಿರುವಾಗ ಎಲ್ಲ ದಾರಿಯೂ ಮುಚ್ಚಿದಂತೆಯೇ ಕಾಣುತ್ತದೆ. ಸ್ವಲ್ಪ ಚೇತರಿಸಿಕೊಂಡ ಮೇಲೂ ಬಿಡಬೇಕು ಅನ್ನಿಸಿದರೆ ಧಾರಾಳವಾಗಿ ಬಿಡಿ, ಆದರೆ ಕೆಲವು ತಿಂಗಳ ಖರ್ಚಿಗೆ ದುಡ್ಡು ಇದೆಯಾ ನೋಡಿಕೊಳ್ಳಿ. ಕಂಪನಿಯ ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದ ಜೊತೆಗೇ ಹೋಗುತ್ತದೆ.

"ಬೆಳಿಗ್ಗೆ ಏಳದೇ ಇದ್ದರೂ ಚೆನ್ನಾಗಿತ್ತು" ಅಂತ ನಡುವೆ ಒಂದು ಸಾಲು ಬರೆದಿದ್ದೀರಿ. ಅದನ್ನು ಓದಿ ಸುಮ್ಮನಿರಲು ನನ್ನಿಂದ ಆಗುವುದಿಲ್ಲ. ಸಾಯುವ ಯೋಚನೆ ಬರುತ್ತಿದ್ದರೆ ಇವತ್ತೇ ಮನೆಯಲ್ಲಿ ಒಬ್ಬರಿಗೆ ಬಾಯಿಬಿಟ್ಟು ಹೇಳಿ, ಒಬ್ಬರೇ ಇರಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತಾಡಬಹುದು. ತಡೆಯಲಾಗದಷ್ಟು ಜೋರಾಗಿದ್ದರೆ ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.

ಮುಂದಿನ ವಾರ ಡಾಕ್ಟರ್ ಅಪಾಯಿಂಟ್‌ಮೆಂಟ್ ಇದೆ ಅಂದಿರಲ್ಲ, ಅಲ್ಲಿಯವರೆಗೆ ಕಾಯಬೇಡಿ. ಫೋನ್ ಮಾಡಿ ಇನ್ನೂ ಬೇಗ ನೋಡುತ್ತಾರಾ ಕೇಳಿ. ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಬೇಕಾ ಅಂತ ವಿಚಾರಿಸಿ, ಅವು ಕಡಿಮೆಯಾದರೂ ಹೀಗೇ ಸುಸ್ತಾಗುತ್ತದೆ. ಹಗಲು ಮಂಪರು ಬರುತ್ತಿದ್ದರೆ ಮಾತ್ರೆಯ ಹೊತ್ತು ಬದಲಿಸಬಹುದಾ ಅಂತಲೂ ಕೇಳಿ. ಎದುರಿಗೆ ಕೂತಾಗ "ಪರವಾಗಿಲ್ಲ ಡಾಕ್ಟ್ರೇ" ಅಂತ ಬಾಯಿಗೆ ಬಂದುಬಿಡುತ್ತದೆ. ಅದಕ್ಕೇ ಇಲ್ಲಿ ನೀವು ಬರೆದ ಪ್ರಶ್ನೆಯನ್ನೇ ಫೋನಿನಲ್ಲಿ ತೆಗೆದು ಅವರ ಕೈಗೆ ಕೊಡಿ, ಆ ಒಂದು ಸಾಲನ್ನೂ ಸೇರಿಸಿ.