ಸಾರಿನಲ್ಲಿ ಬೆರೆಸಿದ ಮಾತ್ರೆ

"ಕುಡಿಯುವವರಿಗೆ ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿ ಕೊಡಿ" ಎಂಬ, ಕುಡಿತ ಬಿಡಿಸುವ ಔಷಧದ ಜಾಹೀರಾತು ಗೋಡೆಯಿಂದ ಮೊಬೈಲಿಗೆ ಬಂದಿದೆ. ಅದನ್ನು ನಂಬಿದ ಹೆಂಡತಿಯರು, ತಾಯಂದಿರು ಆಪ್ತಸಲಹೆಗೆ ಬರುವುದು ಮಾತ್ರ ನಿಂತಿಲ್ಲ. ಅವರಲ್ಲಿ ಒಬ್ಬರ ಪ್ರಕರಣ ಇದು. ಗುರುತು ಸಿಗದಂತೆ ಊರು, ಕಸುಬು, ವಯಸ್ಸನ್ನು ಬದಲಿಸಿದ್ದೇನೆ.

ಗಂಡ ಗಾರೆ ಮೇಸ್ತ್ರಿ, ನಲವತ್ತು ದಾಟಿದವರು. ದಿನಕ್ಕೆ ಎರಡು ಕ್ವಾರ್ಟರ್ ವಿಸ್ಕಿ, ಅಂದರೆ 360 ಎಂ.ಎಲ್. ಶೇ 42.8ರ ಮದ್ಯವಾದರೆ ಒಂದು ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್ ಇರುತ್ತದೆ. ಇವರ ಮೈಗೆ ದಿನಕ್ಕೆ 120 ಗ್ರಾಂ ಇಳಿಯುತ್ತಿತ್ತು. ಬೆಳಿಗ್ಗೆ ಕೈ ನಡುಗಿ ಕರಣೆ ನಿಲ್ಲುತ್ತಿರಲಿಲ್ಲ, ಒಂದು ನೈಂಟಿ ಹಾಕಿದರೆ ಸರಿಹೋಗುತ್ತಿತ್ತು. ಈ ಬೆಳಗಿನ ನಡುಕವನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಹೆಂಡತಿ ಮೊದಲು ಒಬ್ಬರೇ ಬಂದರು. ಪರಿಚಯದವರೊಬ್ಬರು ಚೀಟಿ ಇಲ್ಲದೆಯೇ ತರಿಸಿಕೊಟ್ಟ ಮಾತ್ರೆ ಅವರ ಪರ್ಸಿನಲ್ಲಿತ್ತು: ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್, 250 ಮಿ.ಗ್ರಾಂ. ವಾರಕ್ಕೆ ಎರಡು ಮೂರು ರಾತ್ರಿ ಅರ್ಧ ಮಾತ್ರೆ ಪುಡಿ ಮಾಡಿ ಸಾರಿಗೆ ಹಾಕುತ್ತಿದ್ದರು. ಕುಡಿದಾಗ ಗಂಡನ ಮುಖ ಕೆಂಪಾಗುತ್ತಿತ್ತು, ತಲೆ ಸಿಡಿಯುತ್ತಿತ್ತು, ವಾಂತಿ, ಎದೆ ಬಡಿತ. ಹೆಂಡತಿಯ ಪ್ರಶ್ನೆ ಒಂದೇ: "ಇನ್ನೂ ಎಷ್ಟು ದಿನ ಹಾಕ್ಬೇಕು ಮೇಡಂ?"

ಆ ದಿನ ನಾಲ್ಕು ವಿಷಯ ಕೇಳಿ ತಿಳಿದುಕೊಂಡೆ. ಕೊನೆಯ ಸಲ ಮಾತ್ರೆ ಹಾಕಿದ್ದು ಯಾವಾಗ, ಹೃದಯದ ಕಾಯಿಲೆ ಇದೆಯೇ, ಹಿಂದೆ ಫಿಟ್ಸ್ ಬಂದಿತ್ತೇ, ಕೈ ಮಾಡುತ್ತಾರೆಯೇ. ಕೂಗಾಡುತ್ತಾರೆ, ಹೊಡೆಯುವುದಿಲ್ಲ, ಅಣ್ಣನ ಮಾತು ಕೇಳುತ್ತಾರೆ ಎಂದರು. ಇವತ್ತೇ ಬೆರೆಸುವುದನ್ನು ನಿಲ್ಲಿಸಿ, ನಾಳೆ ಭಾವನವರನ್ನೂ ಗಂಡನನ್ನೂ ಕರೆದುಕೊಂಡು ಬನ್ನಿ, ನೀವೇ ಹೇಳಬೇಕು, ಅಲ್ಲಿಯವರೆಗೆ ಅವರು ಕುಡಿದು ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ ಈ ಮಾತ್ರೆಯ ಪಟ್ಟಿ (ಸ್ಟ್ರಿಪ್) ತೋರಿಸಿ ಎಂದೆ. ಹೆದರಿದರು, ಆದರೂ ಬಂದರು.

ಮರುದಿನ ಅವರು ಮಾತ್ರೆಯ ಪಟ್ಟಿಯನ್ನು ಮೇಜಿನ ಮೇಲಿಟ್ಟರು. "ಇದನ್ನ ಸಾರಿಗೆ ಹಾಕ್ತಿದ್ದೆ ಕಣ್ರೀ."

ಮೇಸ್ತ್ರಿ ಬೈಯಲಿಲ್ಲ. ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಅವತ್ತು ವಾಂತಿ ಮಾಡ್ಕೊಂಡು ಎದೆ ಹಿಡ್ಕೊಂಡು ಬಿದ್ದಿದ್ನಲ್ಲ, ಆಗ್ಲೂ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು. ಇನ್ಮೇಲಾದ್ರೂ ಬಿಡ್ತೀರ ಅನ್ಕೊಂಡೆ."

"ನಾನು ಮಾಲು ಸರಿಯಿಲ್ಲ ಅಂತ ಬ್ರಾಂಡ್ ಬದಲಾಯಿಸ್ದೆ."

ಈ ಒಂದು ಮಾತನ್ನು ಪ್ರತಿ ಮನೆಯವರೂ ಕೇಳಿಸಿಕೊಳ್ಳಬೇಕು. ಮೊದಲು ಬ್ರಾಂಡ್, ಆಮೇಲೆ ಅಂಗಡಿ ಬದಲಾಯಿಸಿದ್ದರು. ಕೊನೆಗೆ ಹಾರ್ಟು ಹೋಯಿತೆಂದು ಇಸಿಜಿ ಮಾಡಿಸಿ, ಗ್ಯಾಸಿನ ಮಾತ್ರೆ ನುಂಗುತ್ತಿದ್ದರು. ಕುಡಿತ ಹಾಗೇ ಇತ್ತು.

ಯಾಕೆ ಹೀಗಾಯಿತು? ಮದ್ಯ ನಮ್ಮ ಮೈಯಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗುತ್ತದೆ. ಯಕೃತ್ತಿನ ಒಂದು ಕಿಣ್ವ ಅದನ್ನು ಬೇಗನೆ ನಿರಪಾಯ ಮಾಡುತ್ತದೆ. ಡೈಸಲ್ಫಿರಾಮ್ ಆ ಕಿಣ್ವವನ್ನು ತಡೆಹಿಡಿಯುವುದರಿಂದ ವಿಷ ರಕ್ತದಲ್ಲೇ ಉಳಿಯುತ್ತದೆ. ಕುಡಿದ 10ರಿಂದ 30 ನಿಮಿಷದಲ್ಲಿ ಮೈ ಕಾಯುತ್ತದೆ, ಬಿ.ಪಿ. ಇಳಿಯುತ್ತದೆ, ತೀವ್ರವಾದರೆ ಪ್ರಾಣವೇ ಹೋಗಬಹುದು. ಆದರೆ ಚಿಕಿತ್ಸೆಯಲ್ಲಿ ಈ ಮಾತ್ರೆ ಕೆಲಸ ಮಾಡುವುದು ಆ ಸಂಕಟದಿಂದಲ್ಲ. "ನಾನು ಬೆಳಿಗ್ಗೆ ಮಾತ್ರೆ ತಗೊಂಡಿದ್ದೀನಿ, ಇವತ್ತು ಕುಡಿಯೋ ಹಾಗಿಲ್ಲ" ಎಂದು ಕುಡಿಯುವವನಿಗೆ ಗೊತ್ತಿರುವುದರಿಂದ. ಸಂಜೆ ಬಾರಿನ ಮುಂದೆ ಹತ್ತು ಸಲ ಮನಸ್ಸು ಎಳೆದರೂ, ತೀರ್ಮಾನ ಬೆಳಿಗ್ಗೆಯೇ ಮುಗಿದಿರುತ್ತದೆ. ತಿಳುವಳಿಕೆ ಕಿತ್ತುಕೊಂಡರೆ ಔಷಧದಲ್ಲಿ ಉಳಿಯುವುದು ವಿಷದ ಭಾಗ ಮಾತ್ರ.

ಮೇಸ್ತ್ರಿ ಎದ್ದು ನಿಂತು, "ಆಯ್ತು, ಈ ಕ್ಷಣದಿಂದ ಒಂದು ತೊಟ್ಟೂ ಮುಟ್ಟಲ್ಲ" ಎಂದರು. ಅಣ್ಣನಿಗೆ ಸಂತೋಷವಾಯಿತು. ನಾನು ಒಪ್ಪಲಿಲ್ಲ.

ಅವರ ಮೈ ಎರಡೂ ಕಡೆಯಿಂದ ಸಿಕ್ಕಿಹಾಕಿಕೊಂಡಿತ್ತು. ಡೈಸಲ್ಫಿರಾಮಿನ ಪರಿಣಾಮ ಕೊನೆಯ ಮಾತ್ರೆಯ ನಂತರವೂ 14 ದಿನದವರೆಗೆ ಇರಬಹುದು. ಅಷ್ಟರಲ್ಲಿ ಕುಡಿದರೆ ಅಪಾಯ. ಬೆಳಗಿನ ನಡುಕ ಇರುವವರು ಮನೆಯಲ್ಲೇ ಏಕಾಏಕಿ ನಿಲ್ಲಿಸಿದರೂ ಅಪಾಯ. ನಿಲ್ಲಿಸಿದ ಮೊದಲ ದಿನವೇ ಬೆವರು, ನಡುಕ ಶುರುವಾಗುತ್ತವೆ, ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದ ನಡುವೆ ಇಲ್ಲದ್ದು ಕಂಡು, ದಿಕ್ಕು ದೆಸೆ ತಪ್ಪಿ ಮಾತಾಡುವ ಸನ್ನಿ ಹಿಡಿಯಬಹುದು. "ದೆವ್ವ ಮೆಟ್ಟಿದೆ" ಎಂದು ತಾಯತ ಕಟ್ಟಿಸಲು ಓಡುವುದು ಈ ಹೊತ್ತಿನಲ್ಲೇ. ಅದಕ್ಕೇ ಅಂದೇ ಜಿಲ್ಲಾ ಆಸ್ಪತ್ರೆಗೆ ಕಳಿಸಿದೆ, ಮಾತ್ರೆಯ ಪಟ್ಟಿಯ ಸಮೇತ.

ಆ ಪಟ್ಟಿ ಉಪಯೋಗಕ್ಕೆ ಬಂತು. ನಡುಕಕ್ಕೆ ಸಾಮಾನ್ಯವಾಗಿ ಕೊಡುವ ಕ್ಲೋರ್‌ಡಯಜೆಪಾಕ್ಸೈಡ್, ಡಯಜೆಪಾಮ್ ಡೈಸಲ್ಫಿರಾಮ್ ಇರುವ ಮೈಯಲ್ಲಿ ಬೇಗ ಕರಗುವುದಿಲ್ಲ, ಮಂಪರು ಹೆಚ್ಚುತ್ತದೆ. ಯಕೃತ್ತಿನ ಪರೀಕ್ಷೆಯೂ ಏರುಪೇರಾಗಿತ್ತು. ಅದಕ್ಕೇ ಮನೋವೈದ್ಯರು ಈ ತೊಂದರೆ ಕಡಿಮೆಯಿರುವ ಲೊರಾಜೆಪಾಮ್ ಆರಿಸಿ ದಿನದಿನಕ್ಕೆ ಇಳಿಸುತ್ತಾ ಬಂದರು. ಗ್ಲೂಕೋಸ್ ಬಾಟಲಿ ಏರಿಸುವ ಮೊದಲು ಥಯಾಮಿನ್, ಅಂದರೆ ಬಿ1 ಚುಚ್ಚುಮದ್ದು. ಬರೀ ಗ್ಲೂಕೋಸ್ ಏರಿಸಿದರೆ ಇದ್ದಬದ್ದ ಬಿ1 ಕೂಡ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳಬಹುದು. ಸುಸ್ತಾಗಿದೆ ಎಂದು ಹತ್ತಿರದ ಕ್ಲಿನಿಕ್ಕಿನಲ್ಲಿ ಗ್ಲೂಕೋಸ್ ಹಾಕಿಸುವವರು ಇದನ್ನು ಗಮನಿಸಬೇಕು.

ಹೆಂಡತಿಯ ಬಾಯಿಂದಲೇ ಹೇಳಿಸಿದ್ದು ಕ್ರೂರವಲ್ಲವೇ, ಇಷ್ಟು ವರ್ಷ ನರಳಿದವಳು ಅವಳು ತಾನೇ ಎಂದು ಕೇಳುವವರಿದ್ದಾರೆ. ನರಳಿದ್ದು ನಿಜ. ಅವರ ಮೇಲೆ ತಪ್ಪು ಹೊರಿಸಲು ಹೇಳಿಸಿದ್ದಲ್ಲ. ಮೈಯಲ್ಲಿರುವ ಔಷಧ ಗೊತ್ತಿಲ್ಲದ ಮನುಷ್ಯ ಅಂದು ಸಂಜೆಯೇ ಮತ್ತೆ ಕುಡಿಯುತ್ತಿದ್ದ. ಗೊತ್ತಿಲ್ಲದ ವೈದ್ಯರು ತಪ್ಪು ಔಷಧ ಕೊಡುತ್ತಿದ್ದರು. ಎಂದಾದರೊಂದು ದಿನ ಬೇರೆಯವರಿಂದ ಗೊತ್ತಾಗಿದ್ದರೆ ಮುಂದೆ ಯಾವ ಮಾತ್ರೆಯನ್ನೂ ಅವರು ನಂಬುತ್ತಿರಲಿಲ್ಲ. ಹೊಡೆಯುವ ಗಂಡನಾಗಿದ್ದರೆ ಈ ಸಲಹೆ ಕೊಡುತ್ತಿರಲಿಲ್ಲ. ಅಂಥಲ್ಲಿ ಮೊದಲು ಹೆಂಗಸು ಸುರಕ್ಷಿತ ಜಾಗದಲ್ಲಿರಬೇಕು, ವಿಷಯವನ್ನು ವೈದ್ಯರು ತಿಳಿಸಬೇಕು, ಕೈ ಎತ್ತಿದರೆ 112ಕ್ಕೆ ಕರೆ ಮಾಡಬೇಕು.

ಆಸ್ಪತ್ರೆಯಿಂದ ಬಂದ ಮೇಲೆ ಕೆಲವು ವಾರ ಮೇಸ್ತ್ರಿ ಹೆಂಡತಿ ಬಡಿಸಿದ್ದನ್ನು ಉಣ್ಣಲಿಲ್ಲ. ಜಗಳ ಬೇಡ, ಪಾತ್ರೆ ಮಧ್ಯದಲ್ಲಿಟ್ಟು ಅವರೇ ಬಡಿಸಿಕೊಳ್ಳಲಿ, ನೀವೂ ಅದೇ ಪಾತ್ರೆಯಿಂದ ಉಣ್ಣಿ ಎಂದೆ. ಡೈಸಲ್ಫಿರಾಮ್ ಬೇಡವೆಂದು ಅವರೇ ಹೇಳಿದರು, ಯಕೃತ್ತಿನ ಸ್ಥಿತಿ ನೋಡಿ ವೈದ್ಯರಿಗೂ ಅದು ಒಪ್ಪಿಗೆಯಾಯಿತು. ಬದಲಿಗೆ ಕುಡಿಯುವ ಹಂಬಲ ತಗ್ಗಿಸುವ ಅಕಾಂಪ್ರೊಸೇಟ್ 333 ಮಿ.ಗ್ರಾಂ, ಎರಡೆರಡು ಮಾತ್ರೆ ದಿನಕ್ಕೆ ಮೂರು ಹೊತ್ತು. ಅದು ಮೂತ್ರಪಿಂಡದ ಮೂಲಕ ಹೊರಹೋಗುವುದರಿಂದ ಯಕೃತ್ತಿಗೆ ಹೊರೆಯಿಲ್ಲ. ಮಧ್ಯಾಹ್ನದ ಮಾತ್ರೆ ಕೆಲಸದ ಜಾಗದಲ್ಲಿ ತಪ್ಪುತ್ತಿತ್ತು, ಊಟದ ಡಬ್ಬಿಯ ಮುಚ್ಚಳದಲ್ಲಿ ಅವರೇ ಇಟ್ಟುಕೊಂಡ ಮೇಲೆ ಸರಿಹೋಯಿತು. ಊರ ಹಬ್ಬದಲ್ಲಿ ಒಮ್ಮೆ ಕುಡಿದರು. ಮರುದಿನವೇ ಬಂದು ಹೇಳಿದರು; ಮಾತ್ರೆ ಮುಂದುವರಿಯಿತು.

ಈಗ ಯಾರಾದರೂ ಮನೆಯಲ್ಲಿ ಗುಟ್ಟಾಗಿ ಬೆರೆಸುತ್ತಿದ್ದರೆ, ಇವತ್ತೇ ನಿಲ್ಲಿಸಿ. ಪಟ್ಟಿಯನ್ನು ಎಸೆಯಬೇಡಿ, ಹೆಸರಿಲ್ಲದ ಪುಡಿಯಾದರೆ ಪೊಟ್ಟಣವನ್ನೇ ಇಟ್ಟುಕೊಳ್ಳಿ, ಒಳಗೇನಿದೆ ಎಂದು ಮಾರುವವನೂ ಹೇಳಲಾರ. ಕೊನೆಯ ಸಲ ಹಾಕಿದ ದಿನ ಬರೆದಿಡಿ. ಆಲ್ಕೋಹಾಲ್ ಇರುವ ಕೆಮ್ಮಿನ ಸಿರಪ್ಪು ಕೂಡ 14 ದಿನ ಬೇಡ. ಎದೆನೋವು, ಉಸಿರುಕಟ್ಟು, ಪ್ರಜ್ಞೆ ತಪ್ಪುವುದು ಕಂಡರೆ 108ಕ್ಕೆ ಕರೆ ಮಾಡಿ. ಕ್ಯಾಶುವಾಲ್ಟಿಯಲ್ಲಿ "ಕುಡಿದಿದ್ದಾರೆ" ಎನ್ನುವುದರ ಜೊತೆಗೆ "ಡೈಸಲ್ಫಿರಾಮ್ ಕೊಟ್ಟಿದ್ದೆ" ಎಂದೂ ಹೇಳಿ. ಏನು ಮಾಡಬೇಕೆಂದು ಮೊದಲು ಯಾರನ್ನಾದರೂ ಕೇಳಬೇಕಿದ್ದರೆ ವ್ಯಸನ ಸಹಾಯವಾಣಿ 14446, ಟೆಲಿ ಮಾನಸ್ 14416. ಹೆಸರು ಹೇಳದೆಯೂ ಮಾತಾಡಬಹುದು.