ಕವಿಗೆ ಎರಡು ಸಾಲು, ಸುರಂಗದವನಿಗೆ ಅರ್ಧ ಪುಟ

ತುರ್ಕರ ವಿರುದ್ಧ ನಡೆದ ಗ್ರೀಕ್ ಸ್ವಾತಂತ್ರ್ಯ ಸಮರದ ಕುರಿತ ನಮ್ಮ ಲೇಖನದಲ್ಲಿ ಇಂಗ್ಲಿಷ್ ಕವಿ ಬೈರನ್‌ಗೆ ಎರಡೇ ಸಾಲು ಕೊಟ್ಟು, ‘ಯಾರೋ ಸುರಂಗ ತೋಡುವವನಿಗೆ’ ಅರ್ಧ ಪುಟ ಕೊಟ್ಟದ್ದು ನ್ಯಾಯವೇ ಎಂದು ಶಿವಮೊಗ್ಗದ ಓದುಗರೊಬ್ಬರು ಕೇಳಿದ್ದಾರೆ.

ಉತ್ತರ: ಬೈರನ್ ದೊಡ್ಡವನು. ತನ್ನದಲ್ಲದ ನಾಡಿಗಾಗಿ ಹಣ, ಆರೋಗ್ಯ ಎರಡನ್ನೂ ತೆತ್ತವನು. ಆದರೆ ಅವನು ಗ್ರೀಸಿನ ಮೆಸೊಲೊಂಗಿ ಪಟ್ಟಣದಲ್ಲಿ ಜ್ವರದಿಂದ ತೀರಿಕೊಂಡದ್ದು 1824ರ ಏಪ್ರಿಲ್‌ನಲ್ಲಿ. ತುರ್ಕರ ಸೇನಾಪತಿ ರೆಶಿದ್ ಪಾಷಾ ಆ ಊರನ್ನು ಮುತ್ತಿದ್ದು ಮರುವರ್ಷ. ಆಗ ಗೋಡೆಯೊಳಗೆ ಇದ್ದವನು ನೀವು ‘ಯಾರೋ’ ಎಂದ ಕೋಸ್ತಾಸ್ ಹೋರ್ಮೊವಿಟಿಸ್. ಹುಟ್ಟಿದ್ದು ಇಂದಿನ ಅಲ್ಬೇನಿಯಾದ ಹೋರ್ಮೊವೊದಲ್ಲಿ. ಕಸುಬಿನಿಂದಾಗಿ ಜನರ ಬಾಯಲ್ಲಿ ಲಗುಮಿಜಿಸ್, ಅಂದರೆ ಸುರಂಗ ತೋಡುವವನು, ಆದ.

ಆ ಕಸುಬು ಎಂಥದೆಂದು ಸ್ವಲ್ಪ ಯೋಚಿಸಿ. ಮುತ್ತಿದವರು ಗೋಡೆಯಡಿಗೆ ಸುರಂಗ ತೋಡಿ, ಸಿಡಿಮದ್ದಿಟ್ಟು ಉಡಾಯಿಸಲು ನೋಡುತ್ತಾರೆ. ಒಳಗಿನವನು ನೆಲಕ್ಕೆ ಕಿವಿಯಿಟ್ಟು ಶತ್ರುವಿನ ಗುದ್ದಲಿಯ ಸದ್ದು ಯಾವ ದಿಕ್ಕಿನಿಂದ, ಎಷ್ಟು ಆಳದಿಂದ ಬರುತ್ತಿದೆಯೆಂದು ಅಂದಾಜಿಸಬೇಕು. ಉಸಿರು ಕಟ್ಟುವ ಕತ್ತಲಲ್ಲಿ ಎದುರು ಸುರಂಗ ತೋಡಿ, ಮದ್ದಿಟ್ಟು ಅವರ ಸುರಂಗವನ್ನು ಕೆಡವಬೇಕು. ಮದ್ದು ಕಡಿಮೆಯಾದರೆ ನೆಲ ನಡುಗಿ ಸುಮ್ಮನಾಗುತ್ತದೆ, ಹೆಚ್ಚಾದರೆ ತಮ್ಮದೇ ಗೋಡೆ ಕುಸಿಯುತ್ತದೆ. ಮದ್ದಿನ ಹಿಂದೆ ಮಣ್ಣನ್ನು ಗಟ್ಟಿಯಾಗಿ ತುಂಬದಿದ್ದರೆ ಸ್ಫೋಟ ಬಂದ ದಾರಿಯಲ್ಲೇ ಹಿಂದಿರುಗಿ ತೋಡಿದವನನ್ನೇ ನುಂಗುತ್ತದೆ. ಇಷ್ಟೂ ಲೆಕ್ಕ ತಲೆಯಲ್ಲೇ ನಡೆಯಬೇಕು. ಇದನ್ನು ವಿದ್ಯೆ ಎನ್ನದೆ ಇನ್ನೇನು ಎನ್ನೋಣ?

1826ರಲ್ಲಿ ಮೆಸೊಲೊಂಗಿ ಬಿದ್ದ ಮೇಲೆ ಅದೇ ರೆಶಿದ್ ಅಥೆನ್ಸಿನ ಬೆಟ್ಟದ ಕೋಟೆ ಆಕ್ರೊಪೊಲಿಸ್ ಮುತ್ತಿದ. ಅಲ್ಲಿಯೂ ಕೋಸ್ತಾಸ್ ತುರ್ಕರ ಸುರಂಗಗಳಿಗೆ ಎದುರು ಸುರಂಗ ಹೂಡಿದ. ಜೊತೆಗಿದ್ದ ಸೇನಾನಿ ಮಾಕ್ರಿಯಾನಿಸ್ ಮೂವತ್ತು ದಾಟಿದ ಮೇಲೆ ತನ್ನ ನೆನಪುಗಳನ್ನು ದಾಖಲಿಸಲೆಂದೇ ಅಕ್ಷರ ಕಲಿತವನು. ಅವನು ಕೋಸ್ತಾಸನನ್ನು ಮನಸಾರೆ ಕೊಂಡಾಡಿದ್ದಾನೆ. ಪಕ್ಕದಲ್ಲಿ ನಿಂತು ಕಂಡವನ ಮಾತು ಅದು. ಯುರೋಪಿನ ಪಂಡಿತರು ಬೈರನ್ ಮೇಲೆ ಕಪಾಟು ತುಂಬುವಷ್ಟು ಬರೆದರು. ಈತನಿಗೆ ಅಡಿಟಿಪ್ಪಣಿಯಲ್ಲಿ ಜಾಗ ಸಿಕ್ಕರೆ ಹೆಚ್ಚು.

ನಮ್ಮಲ್ಲಾದರೂ ಭಿನ್ನವೇ? ಸೋಮನಾಥಪುರದ ವಿಗ್ರಹಗಳ ಕೆಳಗೆ ಮಲ್ಲಿತಮ್ಮ ಎಂಬ ರೂವಾರಿಯ ಹೆಸರು ಕಲ್ಲಿನಲ್ಲೇ ಇದೆ. ಹೊಯ್ಸಳರ ಕಾಲ ಅವನಿಗೆ ಕೊಟ್ಟ ಆ ಮರ್ಯಾದೆಯನ್ನು ನಮ್ಮ ಶಾಲಾ ಪಾಠ ಕೊಡುವುದಿಲ್ಲ. ಮಕ್ಕಳು ಅರಸರ ಪಟ್ಟಿ ಒಪ್ಪಿಸುತ್ತಾರೆ, ಕೆರೆ ತೋಡಿದವರ ಬಗ್ಗೆ ಒಂದು ಸಾಲನ್ನೂ ಓದದೆ ಪರೀಕ್ಷೆ ಮುಗಿಸುತ್ತಾರೆ. ಇತಿಹಾಸದ ಮೇಲೆ ಇಷ್ಟು ಪ್ರೀತಿಯಿಟ್ಟು ಪತ್ರ ಬರೆದ ನಿಮ್ಮಂಥವರೇ ‘ಯಾರೋ’ ಎಂದುಬಿಟ್ಟರೆ ನನಗೆ ನೋವಾಗುತ್ತದೆ.

ಬೈರನ್ ಕುರಿತು ನೀವೇ ಒಂದು ಲೇಖನ ಬರೆದು ಕಳುಹಿಸಿ, ಸಂತೋಷದಿಂದ ಪ್ರಕಟಿಸುತ್ತೇವೆ. ಕೋಸ್ತಾಸನ ಅರ್ಧ ಪುಟವನ್ನು ಮಾತ್ರ ಹಿಂದಕ್ಕೆ ಕೇಳಬೇಡಿ.