ಕೇಳಬೇಡಿ, ಪಕ್ಕದಲ್ಲಿ ನಿಂತು ತೂಗಿ

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಅಜ್ಜಿಯ ನೋಟ್‌ಬುಕ್ ಸಿಕ್ಕಿದೆ. ಅದರಲ್ಲಿ ಇದ್ದ ಹಾಗೇ ಕಾಳಿನ ಸಾರು, ಅಕ್ಕಿ ಪಾಯಸ ಎರಡನ್ನೂ ಮೂರು ಸಲ ಮಾಡಿದ್ದೀರಿ, ಆ ರುಚಿ ಬರಲಿಲ್ಲ, ಸಾರಿನ ಕಾಳೂ ಸರಿಯಾಗಿ ಬೇಯುವುದಿಲ್ಲ. ಅಮ್ಮನನ್ನು ಕೇಳಿದರೆ "ಎಲ್ಲಾ ಕಣ್ಣಂದಾಜು ಕಣೇ" ಅನ್ನುತ್ತಾರೆ. ಪಾಯಸದ ಪುಟದಲ್ಲಿ "ಹದ" ಅನ್ನುವ ಪದದ ಕೆಳಗೆ ಏನೋ ಬರೆದು ಅಳಿಸಿದ ಹಾಗಿದೆ ಅಂತಲೂ ಹೇಳಿದ್ದೀರಿ. ಮೇಲೆ ಹಲವರು "ಪ್ರೀತಿಯಿಂದ ಮಾಡಿ, ಬರುತ್ತೆ" ಅಂದಿದ್ದಾರೆ. ಒಳ್ಳೆ ಮಾತೇ. ಆದರೆ ನಾನು ಪ್ರೀತಿಯಿಂದಲೇ ನಾಲ್ಕು ವರ್ಷ ಹಾಳು ಮಾಡಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೊದಲ ಮಾತು. ಅಮ್ಮನ ಹತ್ತಿರ "ಎಷ್ಟು ಹಾಕಬೇಕು" ಅಂತ ಕೇಳುವುದನ್ನು ಬಿಟ್ಟುಬಿಡಿ. ಅವರು ಸುಳ್ಳು ಹೇಳುವುದಿಲ್ಲ. ಆದರೆ ನೀವು ಕೇಳಿದ ತಕ್ಷಣ ಒಂದು ಉತ್ತರ ಕೊಡಬೇಕಲ್ಲ ಅಂತ ಏನೋ ಒಂದು ಅಳತೆ ಹೇಳುತ್ತಾರೆ. ಕೈ ಹಾಕುವುದೇ ಬೇರೆ. ನಮ್ಮ ದೊಡ್ಡಮ್ಮ "ಒಂದು ಚಮಚ ಉಪ್ಪು" ಅಂತ ವರ್ಷಗಟ್ಟಲೆ ಹೇಳಿದರು. ತೂಗಿ ನೋಡಿದಾಗ ಅವರ ಕೈ ಹಾಕುತ್ತಿದ್ದದ್ದು ಎರಡು ಚಮಚಕ್ಕೂ ಜಾಸ್ತಿ, ಮೂರು ಕಂತಿನಲ್ಲಿ. ಕೊನೆಯ ಎರಡು ಕಂತು ಹಾಕಿದ್ದು ಅವರಿಗೇ ನೆನಪಿರಲಿಲ್ಲ.

ಕೈ ತಡೆಯದೆ ಅಳೆಯುವುದು ಹೀಗೆ. ಅಡುಗೆಗೆ ಮುಂಚೆ ಪ್ರತಿ ಡಬ್ಬಿಯನ್ನೂ ಮುಚ್ಚಳ ಸಮೇತ ತೂಗಿ ಬರೆದಿಟ್ಟುಕೊಳ್ಳಿ. ಉಪ್ಪಿನ ಡಬ್ಬಿ, ಸಕ್ಕರೆ ಡಬ್ಬಿ, ಎಣ್ಣೆ ಬಾಟಲಿ, ಅಕ್ಕಿ ಡಬ್ಬಿ, ಎಲ್ಲಾ. ಅಮ್ಮ ತಮ್ಮ ಪಾಡಿಗೆ ಅಡುಗೆ ಮಾಡಲಿ. ಮುಗಿದ ಮೇಲೆ ಅವೇ ಡಬ್ಬಿಗಳನ್ನು ಮತ್ತೆ ತೂಗಿ. ಕಡಿಮೆಯಾದದ್ದೇ ಅಳತೆ. ಅವರ ಕೈ ನಿಲ್ಲಿಸಿ "ತಡಿ ತಡಿ, ಈ ಹಿಡಿ ತಟ್ಟೆಗೆ ಹಾಕು, ತೂಗ್ತೀನಿ" ಅಂದರೆ ಕೈ ಗೊಂದಲಕ್ಕೆ ಬೀಳುತ್ತದೆ, ಅಂದಾಜು ತಪ್ಪುತ್ತದೆ, ಮೇಲೆ ಬೈಗುಳ ಬೇರೆ. ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆ ತೂಕದ ಯಂತ್ರ ಸಾಕು. ಚಿಟಿಕೆ ಲೆಕ್ಕದ ಮಸಾಲೆಗೆ ಮಾತ್ರ ಅದು ಸಾಲದು. ಅದಕ್ಕೆ, ಬಿಡುವಾಗಿರುವಾಗ ಅಮ್ಮನ ಕೈಯಲ್ಲಿ ಹತ್ತು ಚಿಟಿಕೆ ಒಂದೇ ತಟ್ಟೆಗೆ ಹಾಕಿಸಿ, ತೂಗಿ, ಹತ್ತರಿಂದ ಭಾಗಿಸಿ.

ಇದನ್ನು ಒಂದು ಅಡುಗೆಗೆ ಕನಿಷ್ಠ ಮೂರು ಸಲ ಮಾಡಿ. ಮೂರು ಸಲವೂ ಬೇರೆ ಬೇರೆ ಅಂಕಿ ಬರುತ್ತದೆ, ಗಾಬರಿ ಬೇಡ. 14, 17, 15 ಗ್ರಾಂ ಬಂದರೆ "14ರಿಂದ 17" ಅಂತಲೇ ಬರೆಯಿರಿ, ಸರಾಸರಿ ತೆಗೆಯಬೇಡಿ. ಯಾವುದರಲ್ಲಿ ಅಂಕಿ ಅತ್ತಿತ್ತ ಆಗುವುದೇ ಇಲ್ಲವೋ, ಆ ಸಾಮಾನಿನ ಮೇಲೆ ಆ ಅಡುಗೆ ನಿಂತಿದೆ ಅಂತ ಅರ್ಥ. ನಮ್ಮ ಮನೆ ಪಾಯಸದಲ್ಲಿ ಸಕ್ಕರೆ ಹೇಗೆ ಬೇಕೋ ಹಾಗೆ ಏರಿಳಿಯುತ್ತಿತ್ತು, ಅಕ್ಕಿ ಮಾತ್ರ ಒಂದೆರಡು ಗ್ರಾಂ ಕೂಡ ಆಚೀಚೆ ಇಲ್ಲ. ನಾನು ಅಲ್ಲಿವರೆಗೆ ಸಕ್ಕರೆಯ ಹಿಂದೆ ಬಿದ್ದಿದ್ದೆ.

ಇನ್ನು ನೋಟ್‌ಬುಕ್ ವಿಷಯ. ಅದರಲ್ಲಿ "ಒಂದು ಬಟ್ಟಲು" ಅಂತ ಇದ್ದರೆ ಅದು ಅಂಗಡಿಯಲ್ಲಿ ಸಿಗುವ ಅಳತೆ ಕಪ್ ಅಲ್ಲ, ಅಜ್ಜಿಯ ಅಡುಗೆಮನೆಯಲ್ಲಿದ್ದ ಒಂದು ನಿರ್ದಿಷ್ಟ ಬಟ್ಟಲು. ಅಳತೆ ಕಪ್‌ಗಳೇ ಒಂದೊಂದು ದೇಶದಲ್ಲಿ ಒಂದೊಂದು ಥರ, ಅಮೆರಿಕದ್ದು ಸುಮಾರು 237 ಮಿಲಿ, ಮೆಟ್ರಿಕ್ ಕಪ್ 250 ಮಿಲಿ. ಬಟ್ಟಲು ಇನ್ನೂ ಮನೆಯಲ್ಲಿದ್ದರೆ ಖಾಲಿ ಬಟ್ಟಲು ತೂಗಿ, ಅವರು ತುಂಬುತ್ತಿದ್ದ ಮಟ್ಟದವರೆಗೆ ನೀರು ಹಾಕಿ ಮತ್ತೆ ತೂಗಿ. ಒಂದು ಗ್ರಾಂ ನೀರು ಅಂದರೆ ಒಂದು ಮಿಲಿ. ನಾನು 250 ಮಿಲಿ ಅಂತ ಹಿಡಿದು ಮಾಡುತ್ತಿದ್ದ ಬಟ್ಟಲು ನಿಜಕ್ಕೂ 180 ಮಿಲಿ ಇತ್ತು. ಇದು ಗೊತ್ತಾಗಿದ್ದು ಹೇಗೆ ಗೊತ್ತಾ? ಆ ಬಟ್ಟಲು ಕೈ ಜಾರಿ ಒಡೆಯುವ ಹಿಂದಿನ ವಾರ ಸುಮ್ನೆ ತೂಗಿದ್ದೆ. ಒಂದು ವಾರ ತಡ ಮಾಡಿದ್ದರೆ ಮುಗಿದಿತ್ತು. ಹಾಗಾಗಿ ಇವತ್ತೇ ಮನೆಯ ಹಳೇ ಲೋಟ, ಸೌಟು, ಬಟ್ಟಲು ಎಲ್ಲದರ ಅಳತೆ ತೆಗೆದು, ಒಂದು ಪುಟದಲ್ಲಿ ಚಿತ್ರದ ಜೊತೆ ಬರೆದಿಡಿ. ಅಡುಗೆಗಿಂತ ಮೊದಲು ಈ ಕೆಲಸ.

ಬಟ್ಟಲು ಈಗ ಇಲ್ಲದಿದ್ದರೂ ದಾರಿ ಇದೆ. ಒಂದೇ ಬಟ್ಟಲಲ್ಲಿ ಅಳೆದ ಸಾಮಾನುಗಳ ನಡುವಿನ ಪಾಲು ಬದಲಾಗುವುದಿಲ್ಲ. ಒಂದು ಬಟ್ಟಲು ಅಕ್ಕಿಗೆ ಹತ್ತು ಬಟ್ಟಲು ಹಾಲು ಅಂದರೆ ಯಾವ ಬಟ್ಟಲಾದರೂ ಅಷ್ಟೇ. ತೊಂದರೆ ಕೊಡುವುದು ಬಟ್ಟಲಲ್ಲಿ ಅಳೆಯದ ಸಾಮಾನು: "ಎರಡು ಈರುಳ್ಳಿ", "ಮೂರು ಮೊಟ್ಟೆ", "ಒಂದು ಚಮಚ". ಇವುಗಳನ್ನು ಹಾಗೇ ಇಟ್ಟುಕೊಂಡು ಬಟ್ಟಲನ್ನು 150, 180, 220 ಮಿಲಿ ಅಂತ ಬದಲಿಸಿ ಮೂರು ಸಣ್ಣ ಪ್ರಯೋಗ ಮಾಡಿ. ಯಾವುದು ಹತ್ತಿರ ಅನ್ನುವುದು ಮನೆಯವರ ನಾಲಿಗೆಗೆ ಗೊತ್ತಾಗುತ್ತದೆ.

ಉಪ್ಪಿನ ಚಮಚ ಇನ್ನೊಂದು ಮೋಸ. ಐದು ಮಿಲಿ ಚಮಚದಲ್ಲಿ ನುಣುಪು ಉಪ್ಪು ಸುಮಾರು 6 ಗ್ರಾಂ ಹಿಡಿಯುತ್ತದೆ. ಹರಳು ಉಪ್ಪು ನಡುವೆ ಸಂದು ಬಿಡುವುದರಿಂದ ಅದೇ ಚಮಚದಲ್ಲಿ ಕಡಿಮೆ ತೂಗುತ್ತದೆ. ಅಜ್ಜಿ ಹರಳು ಉಪ್ಪು ಬಳಸುತ್ತಿದ್ದು ನೀವು ನುಣುಪು ಉಪ್ಪು ಹಾಕಿದರೆ, ಚಮಚ ಒಂದೇ ಆದರೂ ಸಾರು ಬಾಯಿಗಿಡಲು ಆಗುವುದಿಲ್ಲ.

ಈಗ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಮನೆ ಅಡುಗೆಯಲ್ಲಿ ಕಳೆದುಹೋಗುವುದು ಸಾಮಾನಿನ ಪಟ್ಟಿ ಅಲ್ಲ, ಕಾಯುವ ಹೊತ್ತು. ಪಟ್ಟಿ ಹೇಗೋ ಉಳಿಯುತ್ತದೆ. ಬ್ಯಾಬಿಲೋನಿಯಾದ ಸುಮಾರು 3,700 ವರ್ಷ ಹಳೆಯ ಮಣ್ಣಿನ ಹಲಗೆಯೊಂದರಲ್ಲಿ 25 ಸಾರುಗಳ ವಿವರ ಇದೆ. ಅಲ್ಲೂ ಏನೇನು ಹಾಕಬೇಕು ಅಂತಷ್ಟೇ ಇದೆ, ಎಷ್ಟು ಹೊತ್ತು ಬೇಯಿಸಬೇಕು ಅಂತಿಲ್ಲ. ಅಂದರೆ ನಿಮ್ಮ ಅಜ್ಜಿ ಒಬ್ಬರೇ ಹೀಗೆ ಬರೆದವರಲ್ಲ. ಪಕ್ಕದಲ್ಲಿ ನಿಂತು ನೋಡಿದವರಿಗೆ ಮಾತ್ರ ಬರೆಯುತ್ತಿದ್ದರು.

ಈರುಳ್ಳಿ ತಗೊಳ್ಳಿ. "ಕೆಂಪಗೆ ಹುರಿ" ಅಂತ ಒಂದೇ ಮಾತು ಇರುತ್ತದೆ. ಈರುಳ್ಳಿಯಲ್ಲಿ ಹತ್ತಿರ ಹತ್ತಿರ ಶೇ. 89 ನೀರೇ. ನೀರು ಇರುವವರೆಗೆ ಬಾಣಲೆಯೊಳಗಿನ ಬಿಸಿ 100 ಡಿಗ್ರಿ ಆಸುಪಾಸಿನಲ್ಲೇ ನಿಲ್ಲುತ್ತದೆ. ಆ ಕಂದು ಬಣ್ಣ, ಆ ಪರಿಮಳ ಜೋರಾಗಿ ಹುಟ್ಟುವುದು ಸುಮಾರು 140 ಡಿಗ್ರಿ ದಾಟಿದ ಮೇಲೆ. ಲೂಯಿ ಕಮಿಲ್ ಮೈಯಾರ್ ಅನ್ನುವ ಫ್ರೆಂಚ್ ವಿಜ್ಞಾನಿ 1912ರಲ್ಲಿ ಈ ಕ್ರಿಯೆಯನ್ನು ವಿವರಿಸಿದ, ಅದಕ್ಕೇ ಅವನ ಹೆಸರಿನಿಂದಲೇ ಕರೆಯುತ್ತಾರೆ. ನೀರು ಹೋಗುವ ತನಕ ಕಾಯದೆ ಐದು ನಿಮಿಷದಲ್ಲಿ ಉರಿ ಜೋರು ಮಾಡಿದರೆ ಅಂಚು ಕರಿಯಾಗುತ್ತದೆ, ಒಳಗೆ ಹಸಿ. ನಿಧಾನ ಉರಿಯಲ್ಲಿ ಪೂರ್ತಿ ಕಂದು ಬಣ್ಣಕ್ಕೆ ತರಲು ಅರ್ಧ ಗಂಟೆಗೂ ಜಾಸ್ತಿ ಬೇಕು. ನಿಮ್ಮ ಸಾರು ಸಪ್ಪೆ ಅನ್ನಿಸಿದರೆ ನನ್ನ ಮೊದಲ ಅನುಮಾನ ಇದರ ಮೇಲೆ.

ಹೊತ್ತನ್ನು ಬರೆಯುವಾಗ ನಿಮಿಷ ಒಂದನ್ನೇ ಬರೆಯಬೇಡಿ. ಒಲೆ ಬೇರೆ, ಪಾತ್ರೆ ಬೇರೆ ಆದರೆ ನಿಮಿಷ ಕೈಕೊಡುತ್ತದೆ. ಗುರುತು ಬರೆಯಿರಿ. ಹುರಿಯುವಾಗ ಚಟಪಟ ಸದ್ದು ಯಾವಾಗ ತಗ್ಗಿತು, ಎಣ್ಣೆ ಯಾವಾಗ ಅಂಚಿಗೆ ಬಂತು, ಸೌಟು ಎಳೆದರೆ ತಳ ಎಷ್ಟು ಹೊತ್ತು ಕಾಣಿಸಿತು. ಫೋನಿನಲ್ಲಿ ಸದ್ದು ರೆಕಾರ್ಡ್ ಮಾಡಿ. ಬಣ್ಣಕ್ಕೆ ಬಿಳಿ ತಟ್ಟೆಯ ಮೇಲೆ ಒಂದು ಚಮಚ ತೆಗೆದಿಟ್ಟು, ಪ್ರತಿ ಸಲ ಅದೇ ಕಿಟಕಿ ಬೆಳಕಿನಲ್ಲಿ ಫೋಟೋ ತೆಗೆಯಿರಿ.

ಪಾಯಸದ "ಹದ"ಕ್ಕೆ ಒಂದು ಉಪಾಯ ಇದೆ, ನನಗೆ ತಡವಾಗಿ ಹೊಳೆದದ್ದು. ಖಾಲಿ ಪಾತ್ರೆ ತೂಗಿ. ಎಲ್ಲಾ ಹಾಕಿದ ಮೇಲೆ ತೂಗಿ. ಅಮ್ಮ "ಸಾಕು, ಇಳಿಸು" ಅಂದ ಕ್ಷಣ ಮತ್ತೆ ತೂಗಿ. ಯಂತ್ರ ಎಷ್ಟು ಭಾರ ತಡೆಯುತ್ತದೆ ಅಂತ ಮೊದಲೇ ನೋಡಿಕೊಳ್ಳಿ, ಕೆಳಗೆ ಒಂದು ಮರದ ಹಲಗೆ ಇಡಿ, ಬಿಸಿ ತಾಗಬಾರದು. ವ್ಯತ್ಯಾಸವೇ ಆವಿಯಾದ ನೀರು. ಹಾಲಿನಲ್ಲಿ ಸುಮಾರು ಶೇ. 87 ನೀರು, ಹಾಗಾಗಿ ಹಾಲಿನ ಅಡುಗೆಯ ಹದ ಅಂದರೆ ಬಹುಪಾಲು ಎಷ್ಟು ನೀರು ಹೋಯಿತು ಅನ್ನುವುದೇ. ನಮ್ಮ ಮನೆಯಲ್ಲಿ ಒಂದು ಲೀಟರ್ ಹಾಲಿಗೆ 420 ಗ್ರಾಂ ಹೋಗಬೇಕು. ನಾನು 200 ಹೋದಾಗಲೇ ಇಳಿಸುತ್ತಿದ್ದೆ, ಆಮೇಲೆ "ಹಾಲೇ ಮೊದಲಿನ ಹಾಗಿಲ್ಲ" ಅಂತ ಗೊಣಗುತ್ತಿದ್ದೆ. ಸಕ್ಕರೆ ಪಾಕದ ಅಡುಗೆಗಾದರೆ ಇಷ್ಟೆಲ್ಲ ಬೇಡ, ಥರ್ಮಾಮೀಟರ್ ಸಾಕು. ತಣ್ಣೀರಿಗೆ ಹಾಕಿದರೆ ಮೆತ್ತನೆ ಉಂಡೆ ಆಗುವ ಪಾಕ 112ರಿಂದ 116 ಡಿಗ್ರಿ.

ಕಾಳು ಬೇಯುವುದಿಲ್ಲ ಅಂದಿದ್ದೀರಲ್ಲ, ಅದಕ್ಕೆ ಮೂರು ಕಾರಣ ನೋಡಿ. ಗಡಸು ನೀರಿನ ಸುಣ್ಣದ ಅಂಶ ಕಾಳಿನ ಸಿಪ್ಪೆಯನ್ನು ಗಟ್ಟಿ ಮಾಡುತ್ತದೆ. ಹುಳಿಯೂ ಅಷ್ಟೇ. ಟೊಮೆಟೊ ಮೊದಲೇ ಹಾಕಿದರೆ ಕಾಳು ಮೊಂಡು ಹಿಡಿಯುತ್ತದೆ, ಮೆತ್ತಗಾದ ಮೇಲೆ ಹಾಕಿ. ತುಂಬಾ ಹಳೇ ಕಾಳಾದರೆ ಏನು ಮಾಡಿದರೂ ಬೇಯುವುದು ಕಷ್ಟ. ಅಜ್ಜಿ ಎತ್ತರದ ಊರಲ್ಲಿದ್ದರೋ ತಗ್ಗಿನಲ್ಲೋ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಪ್ರತಿ 300 ಮೀಟರ್ ಏರಿದಂತೆ ನೀರು ಕುದಿಯುವ ಬಿಸಿ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಕುಕ್ಕರ್ ಒಳಗೆ ಅದು 120 ಡಿಗ್ರಿ ಹತ್ತಿರ ಹೋಗುತ್ತದೆ. ಅವರು ತೆರೆದ ಪಾತ್ರೆಯಲ್ಲಿ ಎರಡು ಗಂಟೆ ಬೇಯಿಸಿದ್ದನ್ನು ನೀವು ಕುಕ್ಕರಲ್ಲಿ ಮಾಡಿದರೆ ಕಾಳು ಮೆತ್ತಗಾಗುತ್ತದೆ, ಆದರೆ ನೀರು ಆವಿಯಾಗಿ ಸಾರು ಕಟ್ಟುವುದಿಲ್ಲ. ಮುಚ್ಚಳ ತೆಗೆದು ಇನ್ನೊಂದು ಇಪ್ಪತ್ತು ನಿಮಿಷ ಕುದಿಸಿ ನೋಡಿ.

ರುಚಿ ನೋಡುವವರ ಬಗ್ಗೆಯೂ ಒಂದು ಮಾತು. ವಯಸ್ಸಾದಂತೆ ಮೂಗು, ನಾಲಿಗೆ ಎರಡೂ ಮಂಕಾಗುತ್ತವೆ. ಎಂಬತ್ತರ ಅಜ್ಜಿ ಬರೆಸಿದ ಉಪ್ಪಿನ ಅಳತೆ ಐವತ್ತರಲ್ಲಿ ಅವರೇ ಹಾಕುತ್ತಿದ್ದದ್ದಕ್ಕಿಂತ ಜಾಸ್ತಿ ಇರಬಹುದು. ಆ ಪುಟ ಯಾವ ವರ್ಷದ್ದು ಅಂತ ಪತ್ತೆ ಮಾಡಿ. ಇನ್ನು ನಾವು. ಎರಡು ಗಂಟೆ ಒಲೆ ಮುಂದೆ ನಿಂತ ಮೂಗಿಗೆ ಆ ವಾಸನೆ ಒಗ್ಗಿಹೋಗಿರುತ್ತದೆ, ನಮ್ಮ ಅಡುಗೆ ನಮಗೇ ಸಪ್ಪೆ ಅನ್ನಿಸುತ್ತದೆ. ಅಜ್ಜಿಯ ಸಾರನ್ನು ನೀವು ತಿಂದಿದ್ದು ಹಾಗಲ್ಲ, ಹೊರಗೆ ಆಡಿ ಹಸಿದು ಬಂದು, ಬಾಗಿಲಲ್ಲೇ ವಾಸನೆ ಹಿಡಿದು. ವಾಸನೆಯ ಸುದ್ದಿ ಮೂಗಿನಿಂದ ಮಿದುಳಿನ ಭಾವನೆ, ನೆನಪಿನ ಭಾಗಗಳಿಗೆ ಬೇರೆ ಇಂದ್ರಿಯಗಳದ್ದಕ್ಕಿಂತ ನೇರ ದಾರಿಯಲ್ಲಿ ಹೋಗುತ್ತದೆ, ಹಾಗಾಗಿ ಬಾಗಿಲಿನ ಆ ಕ್ಷಣವೂ ಅಡುಗೆಯ ಒಂದು ಭಾಗವೇ. ರುಚಿ ನೋಡುವ ಮೊದಲು ಹದಿನೈದು ನಿಮಿಷ ಹೊರಗೆ ಓಡಾಡಿ ಬನ್ನಿ. ನಗಬೇಡಿ. ನನ್ನ ಎರಡು ಅಡುಗೆ ಬರೀ ಇದರಿಂದಲೇ ಸರಿಹೋಗಿವೆ!

ಅಮ್ಮನನ್ನು ಕೇಳುವುದಾದರೆ ಹೀಗೆ ಕೇಳಿ: "ಇದು ಹಾಕದಿದ್ರೆ ಏನಾಗುತ್ತೆ?" "ಕೆಟ್ಟುಹೋದ್ರೆ ಅಜ್ಜಿ ಏನು ಮಾಡ್ತಿದ್ರು?" "ಇದನ್ನ ಯಾವಾಗ ಮಾಡ್ತಿದ್ರು, ಯಾರಿಗೆ?" ಕೊನೆಯದಕ್ಕೆ ಬರುವ ಉತ್ತರ ಕೆಲವು ಸಲ ಮನಸ್ಸು ಕಲಕುತ್ತದೆ. ನಮ್ಮ ಮನೆಯ "ವಿಶೇಷ" ಸಾರಿನಲ್ಲಿ ತರಕಾರಿ ಇಲ್ಲದಿರುವುದಕ್ಕೆ ಕಾರಣ ರುಚಿ ಅಲ್ಲ, ಆಗ ಮನೆಯಲ್ಲಿ ತರಕಾರಿಗೆ ದುಡ್ಡಿರಲಿಲ್ಲ. ಇದೂ ಪುಟದಲ್ಲಿರಲಿ. ಚಿಕ್ಕಮ್ಮ ಒಂದು, ದೊಡ್ಡಮ್ಮ ಒಂದು ಹೇಳಿದರೆ ಎರಡನ್ನೂ ಹೆಸರು, ತಾರೀಖಿನ ಜೊತೆ ಬರೆಯಿರಿ. ತೀರ್ಪು ಕೊಡಲು ಹೋಗಬೇಡಿ, ನಾನು ಹೋಗಿ ಎಂಟು ತಿಂಗಳು ಒಂದು ಕಡೆ ಮಾತು ನಿಂತಿತ್ತು.

ಹಳೇ ಅಡುಗೆ ಎಲ್ಲವನ್ನೂ ಇದ್ದ ಹಾಗೇ ಮಾಡಬಾರದು ಅನ್ನುವುದನ್ನೂ ಹೇಳಿಬಿಡುತ್ತೇನೆ. ಬೆಳ್ಳುಳ್ಳಿ ಎಣ್ಣೆಯಲ್ಲಿ ಹಾಕಿ ಹೊರಗೇ ಇಡುವುದು, ಹುಳಿ ಇಲ್ಲದ ತರಕಾರಿಯನ್ನು ಬರೀ ಕುದಿಸಿ ಬಾಟಲಿಗೆ ತುಂಬಿ ತಿಂಗಳುಗಟ್ಟಲೆ ಇಡುವುದು ಅಪಾಯ. ಹುಳಿಯ ಅಳತೆಯಾದ ಪಿಎಚ್ 4.6ಕ್ಕಿಂತ ಹೆಚ್ಚಿದ್ದು (ಅಂದರೆ ಹುಳಿ ಸಾಲದೆ), ಗಾಳಿ ಆಡದಿದ್ದರೆ ಬಾಟುಲಿಸಂ ಅನ್ನುವ ಮಾರಕ ಕಾಯಿಲೆ ತರುವ ಬ್ಯಾಕ್ಟೀರಿಯಾ ವಿಷ ಮಾಡಬಲ್ಲದು. ನೋಡಿದರೆ, ಮೂಸಿದರೆ ಗೊತ್ತಾಗುವುದಿಲ್ಲ. "ನಮ್ಮಜ್ಜಿ ಹಾಗೇ ಮಾಡ್ತಿದ್ರು, ಏನೂ ಆಗಿಲ್ಲ" ಅನ್ನುವ ವಾದ ಇಲ್ಲಿ ಬೇಡ.

ನೋಟ್‌ಬುಕ್‌ಗೆ ಲ್ಯಾಮಿನೇಷನ್ ಮಾಡಿಸಬೇಡಿ, ಹರಿದಲ್ಲಿ ಸೆಲೋ ಟೇಪ್ ಅಂಟಿಸಬೇಡಿ, ಅದರ ಅಂಟು ಹಳದಿಯಾಗಿ ಕಾಗದ ತಿನ್ನುತ್ತದೆ. ಪ್ರತಿ ಪುಟದ ಫೋಟೋ ತೆಗೆದು ಮೂರು ಕಡೆ ಇಡಿ, ಒಂದು ಬೇರೆ ಮನೆಯಲ್ಲಿರಲಿ. ಅಡುಗೆಮನೆಗೆ ನಕಲು ಮಾತ್ರ ತನ್ನಿ. ಕಲೆ ಒರೆಸಬೇಡಿ. ಎಣ್ಣೆ ಕಲೆ ಜಾಸ್ತಿ ಇರುವ ಪುಟ ಅಂದರೆ ಜಾಸ್ತಿ ಮಾಡಿದ ಅಡುಗೆ. ನೀಟಾಗಿರುವ ಪುಟ ಬಹುಶಃ ಯಾರಿಂದಲೋ ಕೇಳಿ ಬರೆದು ಮಾಡದೇ ಬಿಟ್ಟದ್ದು, ಅದರ ಹಿಂದೆ ಬಿದ್ದು ಸುಸ್ತಾಗಬೇಡಿ.

ಕೊನೆಯ ಮಾತು. ಪಾಯಸದಿಂದ ಶುರು ಮಾಡಿ, ಸಾರು ಆಮೇಲೆ. ಪಾಯಸದಲ್ಲಿ ಇರುವುದೇ ಮೂರು ಸಾಮಾನು, ತಪ್ಪು ಎಲ್ಲಿ ಅಂತ ಬೇಗ ಸಿಗುತ್ತದೆ. ಆ ಅಳಿಸಿದ ಸಾಲನ್ನು ಬರಿಗಣ್ಣಲ್ಲಿ ಓದಲು ಹೋಗಬೇಡಿ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಪುಟದ ಪಕ್ಕಕ್ಕೆ, ಕಾಗದಕ್ಕೆ ಹೆಚ್ಚುಕಡಿಮೆ ತಾಗಿಸಿ ಹಿಡಿದು ಫೋಟೋ ತೆಗೆಯಿರಿ. ಪೆನ್ಸಿಲ್ ಅಳಿಸಿದ್ದರೂ ಒತ್ತಿ ಬರೆದ ಗೆರೆ ನೆರಳಾಗಿ ಕಾಣುತ್ತದೆ. ಫೋಟೋ ಇಲ್ಲೇ ಹಾಕಿ, ಎಲ್ಲಾ ಸೇರಿ ಓದೋಣ.